ಎರವಲು ಕಿವಿ

ಆ ಶನಿವಾರ ಬೆಳಿಗ್ಗೆ ನನ್ನ ಕಾಫಿಗೆ ಸಿಕ್ಕಿದ್ದು ಫೈವ್ ಸೆವೆನ್. ನಮ್ಮ ಯಜಮಾನರು ಮಹಡಿಯ ಮೇಲಿನ ರೇಡಿಯೊ ಕೋಣೆಯಿಂದ ಇಳಿದು ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಲೋಟದಿಂದ ಬಟ್ಟಲಿಗೂ ಬಟ್ಟಲಿಂದ ಲೋಟಕ್ಕೂ ಒಮ್ಮೊಮ್ಮೆ ಸುರಿದುಕೊಂಡು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೂಗಿ ನೋಡಿ ಹೇಳಿದ ಅಂಕೆ ಅದು. ಹಿಂದಿನ ದಿನ ಫೈವ್ ಎಯ್ಟ್ ಕೊಟ್ಟಿದ್ದರು. ಒಂದು ಯಾಕೆ ಇಳಿಯಿತು ಎಂದು ಕೇಳಿದೆ. ಕಾಫಿ ಎಂಬುದರಲ್ಲಿ ಅನುಮಾನವಿಲ್ಲ, ಬಲ ಮಾತ್ರ ಸ್ವಲ್ಪ ತಗ್ಗಿದೆ ಎಂದರು. ಆಮೇಲೆ ಚೀಲ ಹಿಡಿದು, ಅವರೆಕಾಯಿ ಬಂದಿದೆಯೋ ನೋಡುತ್ತೇನೆ ಎಂದು ಗಾಂಧಿ ಬಜಾರಿನ ಕಡೆಗೆ ಹೊರಟರು. ಸೊಗಡಿದ್ದರೆ ಮಾತ್ರ ತನ್ನಿ, ಇಲ್ಲದಿದ್ದರೆ ಬೇಡ ಎಂದು ನಾನು ಒಳಗಿನಿಂದಲೇ ಕೂಗಿದೆ. ಅದಕ್ಕೆ ಅವರು ಗೇಟಿನ ಬಳಿ ಕೈ ಎತ್ತಿದರೋ ಇಲ್ಲವೋ ನಾನು ನೋಡಲಿಲ್ಲ. ಅಷ್ಟು ಮಾಮೂಲಾದ ಬೆಳಗು ನಮ್ಮ ಮನೆಗೆ ಮತ್ತೆ ಬಂದಿಲ್ಲ.

ಈ ಅಂಕೆಗಳ ವಿಚಾರ ನಿಮಗೆ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮದು ತಲೆಕೆಟ್ಟವರ ಮನೆಯ ಹಾಗೆ ಕಾಣುತ್ತದೆ. ನಮ್ಮವರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಒಂದು ಪುಟ್ಟ ನಿಲಯ ಇಟ್ಟುಕೊಂಡು, ತಮ್ಮಂಥವರ ಜೊತೆ ಗಾಳಿಯಲ್ಲಿ ಮಾತಾಡುವವರು. ಇಬ್ಬರು ಹ್ಯಾಮ್‌ಗಳು ಎದುರಾದರೆ ಮೊದಲು ಕುಶಲ ವಿಚಾರಿಸುವುದಿಲ್ಲ. ನೀನು ನನಗೆ ಹೇಗೆ ಕೇಳಿಸುತ್ತಿದ್ದೀಯ ಎಂದು ಹೇಳುತ್ತಾರೆ. ಅದಕ್ಕೆ ಎರಡು ಅಂಕೆ. ಮೊದಲನೆಯದು ಮಾತು ಎಷ್ಟು ತಿಳಿಯಿತು ಎಂಬುದಕ್ಕೆ, ಐದಕ್ಕೆ ಇಷ್ಟು ಅಂತ. ಎರಡನೆಯದು ದನಿ ಎಷ್ಟು ಬಲವಾಗಿ ಬಂತು ಎಂಬುದಕ್ಕೆ, ಒಂಬತ್ತಕ್ಕೆ ಇಷ್ಟು ಅಂತ. ಇದನ್ನು ರಿಪೋರ್ಟ್ ಎನ್ನುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ರಿಪೋರ್ಟ್ ಕೊಟ್ಟು, ಕೊಟ್ಟದ್ದು ಬಂದು ತಲುಪಿತು ಎಂದು ಹೇಳಿಕೊಂಡರೆ ಮಾತ್ರ ಅದು ಕಾಂಟ್ಯಾಕ್ಟ್, ನಿಲಯದ ಪುಸ್ತಕದಲ್ಲಿ ಬರೆದುಕೊಳ್ಳುವಂಥದ್ದು. ಒಬ್ಬರಿಗೆ ಕೇಳಿಸಿ ಇನ್ನೊಬ್ಬರಿಗೆ ಕೇಳಿಸದೆ ಹೋದರೆ, ಗಂಟಲು ಹರಿಯುವಂತೆ ಕೂಗಿದ್ದರೂ ಅದು ಲೆಕ್ಕಕ್ಕಿಲ್ಲ. ಮದುವೆಮನೆಯಲ್ಲಿ ಊಟ ಹೇಗಿತ್ತು ಎಂದರೆ ಎಲ್ಲರೂ ಬಹಳ ಚೆನ್ನಾಗಿತ್ತು ಎಂದುಬಿಡುವಂತೆ, ಗಾಳಿಯಲ್ಲೂ ಬಹಳ ಮಂದಿ ದಾಕ್ಷಿಣ್ಯಕ್ಕೆ ಫೈವ್ ನೈನ್ ಕೊಟ್ಟುಬಿಡುತ್ತಾರೆ. ನಮ್ಮವರದು ಈ ವಿಷಯದಲ್ಲಿ ಬಿಗಿ ಕೈ. ಕೇಳಿಸಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು ಕೊಟ್ಟವರಲ್ಲ. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕಾಫಿಗೆ ಫೈವ್ ನೈನ್ ಬಂದದ್ದು ಒಂದೇ ಸಲ, ಅದೂ ಅವರಿಗೆ ಜ್ವರ ಬಂದು ನಾಲಿಗೆ ಕೆಟ್ಟಿದ್ದ ದಿನ.

ಈ ಹುಚ್ಚಿನಲ್ಲಿ ಅವರಿಗೆ ಜೊತೆ ಅನಂತು. ಮಲ್ಲೇಶ್ವರದವರು, ಬ್ಯಾಂಕಿನಲ್ಲಿ ಕೆಲಸ, ನಮ್ಮವರಿಗಿಂತ ಎರಡು ವರ್ಷ ಚಿಕ್ಕವರು. ಆದ್ದರಿಂದ ನಾನು ಅತ್ತಿಗೆ. ತೊಂಬತ್ತರ ದಶಕದ ಮೊದಲಲ್ಲಿ ಇಬ್ಬರೂ ನಮ್ಮ ಊಟದ ಮೇಜಿನ ಮೇಲೆ ಚಮಚದಿಂದ ಕುಟ್ಟಿಕೊಂಡು ಮೋರ್ಸ್ ಸಂಕೇತ ಕಲಿತರು. ಬಡಿಸುತ್ತ ಓಡಾಡುತ್ತಿದ್ದ ನನಗೆ ಅದು ಅವರಿಗಿಂತ ಮೊದಲೇ ಬಂದುಬಿಟ್ಟಿತು. ಮೂವರೂ ಒಟ್ಟಿಗೆ ಪರೀಕ್ಷೆಗೆ ಕೂತೆವು. ನಾವಿಬ್ಬರೂ ಪಾಸಾದೆವು, ಅನಂತು ಆ ಸಲ ಮೋರ್ಸಿನಲ್ಲಿ ಬಿದ್ದುಹೋದರು. ಆಮೇಲೆ ಎಷ್ಟೋ ವರ್ಷ, ಹೊಸಬರ ಮುಂದೆ ನನ್ನನ್ನು ತೋರಿಸಿ, ಹುಳಿ ಬಡಿಸುತ್ತಲೇ ನನ್ನನ್ನು ಫೇಲು ಮಾಡಿದವರು ಇವರೇ ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಶನಿವಾರ ಮಧ್ಯಾಹ್ನ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಬಿಡಿಭಾಗಗಳನ್ನು ಹೆಕ್ಕಿ ತರುತ್ತಿದ್ದರು. ನಮ್ಮ ಮಹಡಿಯಿಂದ ಹಿತ್ತಲ ತೆಂಗಿನ ಮರಕ್ಕೆ ಏರಿಯಲ್ ತಂತಿ ಎಳೆಯುವಾಗ ಅದರ ತುದಿಗಳಿಗೆ ವಿದ್ಯುತ್ ಹರಿಯದ ವಸ್ತು ಯಾವುದಾದರೂ ಬೇಕಾಯಿತು. ಪಿಂಗಾಣಿಯದು ಸಿಕ್ಕಲಿಲ್ಲ. ಅನಂತುವಿಗೆ ಗಾಜಿನ ಬಳೆಯ ಯೋಚನೆ ಬಂತು. ಬಳೇಪೇಟೆಯ ಗಲ್ಲಿಯಲ್ಲಿ ಇಬ್ಬರು ಗಂಡಸರು ನಿಂತು ಇದ್ದುದರಲ್ಲೇ ದಪ್ಪ ಬಳೆ ಕೊಡಿ ಎಂದರಂತೆ. ಕೈ ಅಳತೆ ಎಷ್ಟು ಎಂದು ಅಂಗಡಿಯವರು ಕೇಳಿದರೆ, ತೆಂಗಿನ ಮರಕ್ಕೆ ಸ್ವಾಮಿ ಎಂದು ನಮ್ಮವರು ನಿಜ ಹೇಳಿದರಂತೆ. ಹಸಿರು ಬಳೆ, ಒಂದೊಂದು ತುದಿಗೆ ಒಂದೊಂದು ಗೊಂಚಲು. ಆ ತಂತಿಯ ಮೇಲೆ ಒಂದು ಸಲ ನಾನು ಒದ್ದೆ ಸೀರೆ ಹರವಿದ್ದೆ. ಆ ದಿನ ನಮ್ಮ ನಿಲಯ ಮೂಕವಾಗಿ, ಕಾರಣ ತಿಳಿಯಲು ಇಬ್ಬರು ಪಂಡಿತರಿಗೆ ಸಂಜೆಯವರೆಗೆ ಹಿಡಿಯಿತು.

ಅನಂತು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಹೆಂಡತಿಯ ಊರಾದ ಧಾರವಾಡಕ್ಕೆ ಹೋದ ಮೇಲೆ ಸ್ಕೂಟರಿನ ಸವಾರಿ ನಿಂತಿತು, ಬೆಳಗಿನ ಮಾತು ಶುರುವಾಯಿತು. ಇಲ್ಲೊಂದು ಸಂಗತಿ ಇದೆ, ನನಗೆ ಈಗಲೂ ಅಚ್ಚರಿ. ರೇಡಿಯೊ ಅಲೆ ಮೇಲಕ್ಕೆ ಹೋಗಿ, ಆಕಾಶದಲ್ಲೊಂದು ಕಡೆ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ಬಿಸಿಲು ಏರಿದ ಮೇಲೆ ಅದು ಧಾರವಾಡದಷ್ಟು ಹತ್ತಿರದಲ್ಲಿ ಇಳಿಯುತ್ತದೆ. ಬೆಳಕು ಹರಿಯುವ ಮುಂಚೆ ಹಾಗಲ್ಲ. ದೊಡ್ಡ ಜಿಗಿತ ಜಿಗಿದು, ಹತ್ತಿರದವರ ತಲೆಯ ಮೇಲಿಂದ ಹಾದು, ಯೂರೋಪಿನಲ್ಲೋ ಇನ್ನೆಲ್ಲೋ ಹೋಗಿ ಬೀಳುತ್ತದೆ. ಮುಂಜಾವಿನಲ್ಲಿ ಬಸವನಗುಡಿಯಲ್ಲಿ ಆಡಿದ್ದು ಪರದೇಶದವರಿಗೆ ಕೇಳಿಸುತ್ತದೆ, ಧಾರವಾಡದ ಗೆಳೆಯನಿಗೆ ಕೇಳಿಸುವುದಿಲ್ಲ. ಇದು ಗೊತ್ತಿದ್ದೂ ನಮ್ಮವರು ಎದ್ದ ಕೂಡಲೇ ಮೇಲೆ ಹೋಗಿ ಅನಂತುವನ್ನು ಒಂದು ಸಲ ಕರೆಯುತ್ತಿದ್ದರು. ಆಕಾಶ ಬೇಗ ತೆರೆದಿದ್ದರೆ ಇರಲಿ ಎಂಬ ಆಸೆ. ಉತ್ತರ ಬಾರದಿದ್ದರೆ ಕೆಳಗೆ ಬಂದು ಕಾಫಿ ಕುಡಿದು, ಬಜಾರು ಮುಗಿಸಿ, ಬಿಸಿಲು ಬಂದ ಮೇಲೆ ಮತ್ತೆ ಹೋಗಿ ಕರೆಯುವುದು. ಆಗ ಅನಂತು ಸಿಕ್ಕೇ ಸಿಗುತ್ತಿದ್ದರು. ಮಾತಿನಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ನಲ್ಲಿ ಬಂತೇ, ಮಳೆ ಬಂತೇ, ಮಂಡಿನೋವು ಹೇಗಿದೆ. ರಿಪೋರ್ಟ್ ಮಾತ್ರ ಇಬ್ಬರೂ ಪರೀಕ್ಷೆಯ ಮಾರ್ಕ್ಸ್ ಕೊಡುವಷ್ಟು ನಿಷ್ಠುರವಾಗಿ ಕೊಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ, ಆ ದಶಕದ ಕೊನೆಯ ಹೊತ್ತಿಗೆ ಅನಂತುವಿನ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಒಂದು ಬೆಳಿಗ್ಗೆ ಬಿಸಿಲೇರಿದ ಮೇಲೆ ಸಿಕ್ಕಾಗ ಅವರು, ಇವತ್ತು ಮುಂಜಾನೆ ನಿನಗೆ ಕೆಮ್ಮು ಬಂತಲ್ಲ, ಬಿಸಿನೀರು ಕುಡಿ ಎಂದರು. ನಮ್ಮವರು ಬೆರಗಾದರು. ಮುಂಜಾನೆಯ ಕೆಮ್ಮು ಧಾರವಾಡಕ್ಕೆ ಕೇಳಿಸಿದರೆ ಆಕಾಶದ ನಿಯಮವೇ ತಪ್ಪಿದ ಹಾಗೆ. ಆಮೇಲೆ ಅನಂತು ನಗುತ್ತ ವಿಷಯ ಬಿಡಿಸಿದರು. ಯೂರೋಪಿನ ಯಾವುದೋ ಕಾಲೇಜಿನ ಮಾಳಿಗೆಯ ಮೇಲೆ ಒಂದು ರಿಸೀವರ್ ಇಟ್ಟಿದ್ದಾರೆ, ಅದನ್ನು ಇಂಟರ್ನೆಟ್ಟಿಗೆ ಜೋಡಿಸಿದ್ದಾರೆ, ಯಾರು ಬೇಕಾದರೂ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದನ್ನು ತಿರುಗಿಸಿ ಕೇಳಬಹುದು. ನಮ್ಮವರ ದನಿ ಬಸವನಗುಡಿಯಿಂದ ಜಿಗಿದು ಆ ಮಾಳಿಗೆಯ ಮೇಲೆ ಬಿದ್ದಿತ್ತು. ಅಲ್ಲಿಂದ ಇಂಟರ್ನೆಟ್ಟಿನ ದಾರಿ ಹಿಡಿದು ಧಾರವಾಡಕ್ಕೆ ಬಂದಿತ್ತು. ಮಾರಾಯ, ನೀನೂ ಆ ಪುಟ ತೆರೆದುಕೋ, ಇಬ್ಬರೂ ಮುಂಜಾನೆಯೇ ಮಾತಾಡಬಹುದು, ಬಿಸಿಲಿಗೆ ಕಾಯುವ ಕೆಲಸವಿಲ್ಲ ಎಂದು ಉಬ್ಬಿಹೋದರು ಅನಂತು.

ನಮ್ಮವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. "ಅದು ನೀನು ಕೇಳಿದ್ದಲ್ಲ ಕಣೋ, ಆ ಮಾಳಿಗೆ ಕೇಳಿದ್ದು. ನೀನು ಮಾಳಿಗೆಗೆ ಫೋನ್ ಮಾಡಿ ವಿಚಾರಿಸಿದೆ, ಅಷ್ಟೇ."

ಅಲ್ಲಿಂದ ಶುರುವಾದ ವಾದ ಒಂದು ಮಳೆಗಾಲ ಪೂರ್ತಿ ನಡೆಯಿತು. ಅರ್ಧ ದಾರಿ ತಂತಿಯಲ್ಲೇ ಬರುವುದಾದರೆ ಮಿಕ್ಕರ್ಧಕ್ಕೆ ರೇಡಿಯೊ ಯಾಕೆ, ಸುಮ್ಮನೆ ಫೋನ್ ಮಾಡಿಬಿಡು ಎನ್ನುವುದು ನಮ್ಮವರ ಪಟ್ಟು. ಅರ್ಧ ದಾರಿ ಅಲ್ಲ ಮಾರಾಯ, ಅರ್ಧ ಭೂಮಿ ದಾಟಿ ಹೋಗಿದೆ ನಿನ್ನ ದನಿ, ಅದು ರೇಡಿಯೊ ಅಲ್ಲವಾದರೆ ಇನ್ನೇನು ಎನ್ನುವುದು ಅನಂತುವಿನ ಪಟ್ಟು. ಅನಂತುವಿನ ಬಳಿ ಇನ್ನೊಂದು ಬಾಣವೂ ಇತ್ತು. ಆ ವರ್ಷ ಅವರ ಎಡಗಿವಿ ಮಂದವಾಗಿ ಕಿವಿಗೆ ಮಷೀನು ಹಾಕಿಸಿಕೊಂಡಿದ್ದರು. "ನಾನೀಗ ಮಷೀನಲ್ಲಿ ಕೇಳ್ತಿದೀನಿ. ಇದು ನನ್ನ ಕಿವಿ ಹೌದೋ ಅಲ್ವೋ? ಇದು ಹೌದು ಅನ್ನೋದಾದ್ರೆ ಅದು ಯಾಕಲ್ಲ, ಸ್ವಲ್ಪ ಉದ್ದದ ಕಿವಿ ಅಷ್ಟೇ ತಾನೆ?" ನಮ್ಮವರು ಮೈಕು ಕೆಳಗಿಟ್ಟು ನನ್ನ ಮುಖ ನೋಡಿದರು. ನೀನು ಎಕ್ಸ್‌ಚೇಂಜಿನವಳು, ನೀನೇ ತೀರ್ಪು ಹೇಳು ಎಂದರು.

ನಾನು ಮದುವೆಗೆ ಮುಂಚಿನಿಂದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎಸ್ಸೆಸ್ಸೆಲ್ಸಿ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತದ್ದು, ಪರಸ್ಥಳದ ಕರೆಯನ್ನು ಜನ ತಾವೇ ತಿರುಗಿಸಿಕೊಳ್ಳುವ ಕಾಲ ಬರುವವರೆಗೆ ಅದೇ ಕುರ್ಚಿ. ನನಗೆ ನೆನಪಾದದ್ದು ಒಬ್ಬ ತಾಯಿ. ಚಾಮರಾಜಪೇಟೆಯವರು, ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟು ಹೊಸತು, ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತಿದ್ದರು. ಲೈನು ಎಷ್ಟು ಸೊರಗಿತ್ತೆಂದರೆ ತಾಯಿಗೆ ಮಗಳದು ಕೇಳಿಸದು, ಮಗಳಿಗೆ ತಾಯಿಯದು ಕೇಳಿಸದು, ನಡುವೆ ಕೂತ ನನಗೆ ಮಾತ್ರ ಎರಡೂ ಕೇಳಿಸುತ್ತಿತ್ತು. ಅಂಥ ಹೊತ್ತಿನಲ್ಲಿ ನಾವು ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವುದಿತ್ತು. ಊಟ ಸೇರುತ್ತದಾ ಎಂದು ಕೇಳಿ ಎಂದರು, ಕೇಳಿದೆ. ಸೇರುತ್ತದಂತೆ ಎಂದೆ. ಅತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದರು. ನೋಡಿಕೊಳ್ಳುತ್ತಾರಂತೆ ಎಂದೆ. ಕರೆಯ ಹೊತ್ತು ಮುಗಿದು ನಾನು ಲೈನು ತೆಗೆಯುವ ಮುಂಚೆ ಆ ತಾಯಿ ಒಂದು ಮಾತು ಕೇಳಿದರು: "ಅವಳ ದನಿ ಹೇಗಿತ್ತಮ್ಮಾ?" ಸಣ್ಣಗಿತ್ತು ಎಂದೆ. ಅಷ್ಟು ಹೊತ್ತು ನಾನು ದಾಟಿಸಿದ ಮಾತುಗಳನ್ನೆಲ್ಲ ಪಕ್ಕಕ್ಕಿಟ್ಟು, ಆ ಒಂದು ಮಾತನ್ನು ಹಿಡಿದುಕೊಂಡು, ವಾರದೊಳಗೆ ರೈಲು ಹತ್ತಿ ಹೋಗಿ ಮಗಳನ್ನು ನೋಡಿಕೊಂಡು ಬಂದರು. ಹೋಗಿಬಂದೆ ಎಂದು ಎಕ್ಸ್‌ಚೇಂಜಿಗೇ ಫೋನ್ ಮಾಡಿ ಹೇಳಿದರು.

ಈ ಕಥೆಯನ್ನು ನಾನು ಮೈಕಿನಲ್ಲೇ ಹೇಳಿದೆ. ತಮಾಷೆಯೆಂದರೆ, ಕೇಳಿದ ಇಬ್ಬರೂ ಗೆದ್ದೆವೆಂದುಕೊಂಡರು. ನೋಡು, ನಡುವೆ ಇನ್ನೊಬ್ಬರಿದ್ದರೂ ವಿಷಯ ತಲುಪಿತು ಎಂದರು ಅನಂತು. ನೋಡು, ವಿಷಯ ತಲುಪಿದರೂ ತಾಯಿಗೆ ಸಾಲಲಿಲ್ಲ ಎಂದರು ನಮ್ಮವರು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಮುಂಜಾನೆ ಅನಂತು ಎಲ್ಲಿಂದ ಬೇಕಾದರೂ ಕೇಳಿಕೊಳ್ಳಲಿ, ಕಾಂಟ್ಯಾಕ್ಟ್ ಎಂದು ಬರೆದುಕೊಳ್ಳುವುದು ಮಾತ್ರ ಬಿಸಿಲು ಬಂದ ಮೇಲೆ, ಇಬ್ಬರ ಸ್ವಂತ ತಂತಿಯಲ್ಲಿ ಕೇಳಿಸಿದ್ದನ್ನು. ನಮ್ಮವರು ಇಂಟರ್ನೆಟ್ಟಿನ ಆ ಪುಟವನ್ನು ಒಮ್ಮೆಯೂ ತೆರೆಯಲಿಲ್ಲ. ಆಕಾಶ ತೆರೆಯುವವರೆಗೆ ಕಾಯುವುದೇ ಈ ಹವ್ಯಾಸದ ಮುಕ್ಕಾಲು ಪಾಲು ಎನ್ನುತ್ತಿದ್ದರು.

ಆ ಶನಿವಾರಕ್ಕೆ ಮರಳುತ್ತೇನೆ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದವರು ಹಾಗೇ ಕುಸಿದರಂತೆ. ಹೂವಿನವರು ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು, ಪರಿಚಯದವರೊಬ್ಬರು ಓಡಿಬಂದು ನನಗೆ ಹೇಳಿದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈಸೂರಿನಲ್ಲಿದ್ದ ನಮ್ಮ ಮಗಳಿಗೆ ತಿಳಿಸಿದ ಮೇಲೆ, ಆಸ್ಪತ್ರೆಯ ಮೆಟ್ಟಿಲ ಪಕ್ಕದ ಬೂತಿನಿಂದ ಅನಂತುವಿಗೆ ಫೋನ್ ಮಾಡಿದೆ. ಆ ಹೊತ್ತಿಗೆ ಚೆನ್ನಾಗಿ ಬಿಸಿಲು ಏರಿತ್ತು; ಅವರು ರೇಡಿಯೊ ಮುಂದೆ ಕಾಯುತ್ತ ಕೂತಿದ್ದರೆಂದು ಆಮೇಲೆ ತಿಳಿಯಿತು. "ಅನಂತು, ಇವರು ಹೋಗಿಬಿಟ್ರು. ಓವರ್," ಎಂದೆ. ಗಾಳಿಯಲ್ಲಿ ನಮ್ಮ ಮಾತು ಮುಗಿಯಿತು, ಇನ್ನು ನಿಮ್ಮದು ಎನ್ನಲು ಹೇಳುವ ಮಾತು ಅದು. ಅನಂತುವಿನ ಜೊತೆ ಮಾತಾಡಿ ಮಾತಾಡಿ ಬಾಯಿಗೆ ಅಂಟಿಕೊಂಡಿತ್ತು. ಫೋನಿನಲ್ಲಿ ಅದನ್ನು ಅಂದೆನೆಂಬುದು ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ. ಅವರು ಸಣ್ಣ ದನಿಯಲ್ಲಿ, ಕೇಳಿಸಿತು ಅತ್ತಿಗೆ, ಓವರ್ ಎಂದರು.

ಹದಿಮೂರನೆಯ ದಿನದ ಶುಭಸ್ವೀಕಾರದ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ಅನಂತು ಉಳಿದುಕೊಂಡರು. ಲ್ಯಾಪ್‌ಟಾಪ್ ಚೀಲ ತಂದಿದ್ದರು. ಮಹಡಿಯ ಕೋಣೆಗೆ ಹೋಗೋಣವೇ ಎಂದರು. ಅಲ್ಲಿ ನಮ್ಮವರ ಕುರ್ಚಿಯನ್ನು ಬಿಟ್ಟು ಸ್ಟೂಲಿನ ಮೇಲೆ ಕೂತು, ಒಂದು ಗುಂಡಿ ಒತ್ತಿದರು. ಆ ಶನಿವಾರದ ಮುಂಜಾವನ್ನು, ಆ ಮಾಳಿಗೆಯ ಮೇಲೆ ಬಿದ್ದಂತೆಯೇ, ಅವರ ಕಂಪ್ಯೂಟರು ಉಳಿಸಿಕೊಂಡಿತ್ತು.

ಮೊದಲು ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ಸದ್ದು. ಅದರೊಳಗಿನಿಂದ, ತುಂಬ ದೂರದಿಂದ, ನಮ್ಮವರು. "ಅನಂತು, ಅನಂತು, ಬಸವನಗುಡಿಯಿಂದ ಶ್ರೀಕಂಠ. ಇದ್ದೀಯೇನೋ? ಓವರ್." ಸ್ವಲ್ಪ ಹೊತ್ತು ಬರೀ ಸದ್ದು. ಆಮೇಲೆ ಅನಂತುವಿನ ದನಿ. "ಇದ್ದೀನಿ ಕಣೋ, ಕೇಳ್ತಿದೆ, ಹೇಳು. ಓವರ್." ಮತ್ತೆ ನಮ್ಮವರು, ಏನೂ ಕೇಳಿಸದವರ ಹಾಗೆ, ಅದೇ ಮಾತು. ಮತ್ತೆ ಅನಂತು, ಅದೇ ಉತ್ತರ. ಬಸವನಗುಡಿಗೂ ಧಾರವಾಡಕ್ಕೂ ನಡುವೆ ಮುಚ್ಚಿದ್ದ ದಾರಿಯ ಮೇಲಿಂದ ಇಬ್ಬರ ದನಿಯೂ ಜಿಗಿದು ಹೋಗಿ, ಇಬ್ಬರೂ ಕಾಣದ ಒಂದು ಊರಿನಲ್ಲಿ ಅಕ್ಕಪಕ್ಕ ಇಳಿದಿದ್ದವು. ಆಮೇಲೆ ನಾನು ಎಣಿಸಿರದ ಒಂದು ದನಿ ಬಂತು. ನಮ್ಮವರ ಮೈಕಿನ ಹಿಂದಿನಿಂದ, ಮೆಟ್ಟಿಲ ಬುಡದಿಂದ, ಕಾಫಿ ಆರ್ತಾ ಇದೆ, ಬರ್ತೀರೋ ಇಲ್ವೋ ಎಂದು ಗದರುವ ನನ್ನದೇ ದನಿ. ಅದಕ್ಕೆ ನಮ್ಮವರು ಸಣ್ಣಗೆ ನಕ್ಕು, "ಅನಂತು ಇನ್ನೂ ಎದ್ದಿಲ್ಲ. ಬಿಸಿಲು ಬರಲಿ, ಮತ್ತೆ ಕರೀತೀನಿ," ಎಂದರು. ಕಾವಲಿಯ ಸದ್ದು ಮುಂದುವರಿಯಿತು.

ಅನಂತು ಅದನ್ನು ನಿಲ್ಲಿಸಿದರು. ನಮ್ಮವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ತಾವು ದಿನವೂ ಮುಂಜಾನೆ ಹಾಗೆ ಉತ್ತರ ಕೊಡುತ್ತಿದ್ದುದನ್ನು ಆಗ ಹೇಳಿದರು. ಗೆಳೆಯ ಕರೆಯುತ್ತಿರುವಾಗ ಸುಮ್ಮನೆ ಕೇಳುತ್ತ ಕೂರಲು ತಮಗೆ ಮನಸ್ಸು ಬರುತ್ತಿರಲಿಲ್ಲವಂತೆ. ಆಮೇಲೆ ನೆಲ ನೋಡುತ್ತ ಕೇಳಿದರು, "ಅತ್ತಿಗೆ, ಇದನ್ನ ನಮ್ಮಿಬ್ಬರ ಕೊನೇ ಕಾಂಟ್ಯಾಕ್ಟ್ ಅಂತ ಬರ್ಕೊಳ್ಳಲಾ?"

ಗೆಳೆಯರೇ, ಹೂಂ ಎನ್ನುವುದು ಎಷ್ಟು ಸುಲಭವಿತ್ತು ನೋಡಿ. ಅದನ್ನು ಪ್ರಶ್ನಿಸುವವರು ಯಾರೂ ಉಳಿದಿರಲಿಲ್ಲ. ಹೂಂ ಎಂದಿದ್ದರೆ ಅನಂತು ಹಗುರವಾಗಿ ಧಾರವಾಡಕ್ಕೆ ಹೋಗುತ್ತಿದ್ದರು. ನನಗೂ, ಇವರ ಕೊನೆಯ ಕರೆಗೆ ಉತ್ತರ ಸಿಕ್ಕಿತ್ತು ಎಂದು ಹೇಳಿಕೊಳ್ಳಲು ಒಂದು ಆಧಾರವಾಗುತ್ತಿತ್ತು. ಆ ಕೋಣೆಯಲ್ಲಿ, ಆ ಕುರ್ಚಿಯ ಪಕ್ಕದಲ್ಲಿ ನಿಂತು, ದಾಕ್ಷಿಣ್ಯದ ಫೈವ್ ನೈನ್ ಕೊಡಲು ನನ್ನಿಂದಾಗಲಿಲ್ಲ.

"ಬೇಡ ಅನಂತು. ನೀವು ಕೇಳಿಸ್ಕೊಂಡಿದ್ದು ನಿಜ, ಉತ್ತರ ಕೊಟ್ಟಿದ್ದೂ ನಿಜ. ಇವರಿಗೆ ಅದು ಕೇಳಿಸ್ಲಿಲ್ಲ."

ಅನಂತು ಲ್ಯಾಪ್‌ಟಾಪಿನ ಮುಚ್ಚಳ ಸವರುತ್ತ, "ಅವನೂ ಹೀಗೇ ಅಂತಿದ್ದ," ಎಂದರು. ಅವರ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ, ಪರಿಚಯದ ದನಿ ಕೇಳಿದವರ ಸಮಾಧಾನವಿತ್ತು ಎಂದು ನನಗನ್ನಿಸಿತು.

ಆ ಮೇಲಿನ ತಿಂಗಳುಗಳಲ್ಲಿ ನಾನು ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಇವರು ಹಟ ಬಿಟ್ಟು ಆ ಪುಟ ತೆರೆದಿದ್ದರೆ ಆ ದಿನ ಗೆಳೆಯನ ಮಾತು ಕೇಳಿಸುತ್ತಿತ್ತಲ್ಲ ಎಂದು ಎಷ್ಟೋ ಮುಂಜಾನೆ ಅನ್ನಿಸಿದೆ. ಕೇಳಿಸುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ದೂರದ ರಿಸೀವರಿನಿಂದ ಕೇಳುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಹಾಸಿಗೆ ಹಿಡಿದವರು ಕೇಳಲಿ. ತಂತಿ ಕಟ್ಟಲು ಅಪಾರ್ಟ್‌ಮೆಂಟಿನಲ್ಲಿ ಅನುಮತಿ ಸಿಗದವರೂ ಕೇಳಲಿ. ಹೊಸದಾಗಿ ಕಲಿಯುವವರು ಕೇಳಿಯೇ ಕಲಿಯಬೇಕು. ತನ್ನ ದನಿ ಎಲ್ಲಿಯವರೆಗೆ ಹೋಯಿತು ಎಂದು ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಕನ್ನಡಿಯೂ ಇಲ್ಲ. ಆದರೆ ಯಾರ ಕಿವಿಯಿಂದ ಕೇಳಿದೆ ಎಂದು ಮೊದಲು ಹೇಳಿಬಿಡಬೇಕು, ಹಾಗೆ ಕೇಳಿದ್ದನ್ನು ಕಾಂಟ್ಯಾಕ್ಟ್ ಎಂದು ಬರೆಯಬಾರದು.

ಅನಂತುವಿನ ಕಿವಿಯ ಮಷೀನಿನ ಪ್ರಶ್ನೆಗೂ ಈಗ ನನ್ನಲ್ಲಿ ಉತ್ತರವಿದೆ. ಆ ಮಷೀನು ಅನಂತು ಹೋದಲ್ಲಿಗೆ ಹೋಗುತ್ತದೆ, ಅನಂತು ಇರುವಲ್ಲಿಗೆ ಬಂದ ಸದ್ದನ್ನು ದೊಡ್ಡದು ಮಾಡಿ ಕೊಡುತ್ತದೆ. ಧಾರವಾಡಕ್ಕೆ ಬಾರದೆ ಇದ್ದದ್ದನ್ನು ಬಂದಂತೆ ಮಾಡುವುದಿಲ್ಲ. ಕಾಂಟ್ಯಾಕ್ಟ್ ಎಂದರೆ ಎರಡು ಜಾಗಗಳ ನಡುವಿನ ಸಂಗತಿ. ಈ ಬೀದಿಯ ಗಾಳಿಯಿಂದ ಹೊರಟದ್ದು ಆ ಬೀದಿಯ ಗಾಳಿಗೆ ಬರಬೇಕು, ದಾರಿಯಲ್ಲಿ ಸೊರಗುವುದಾದರೆ ಸೊರಗಿಯೇ ಬರಬೇಕು. ಎಷ್ಟು ಸೊರಗಿತು ಎಂದು ಹೇಳುವುದಕ್ಕೇ ರಿಪೋರ್ಟ್ ಇರುವುದು. ಆ ಶನಿವಾರ ಇವರ ದನಿಯನ್ನು ಗಾಳಿಯಿಂದ ಹಿಡಿದದ್ದು ಆ ಕಾಲೇಜಿನ ಮಾಳಿಗೆ. ಕಾಂಟ್ಯಾಕ್ಟ್ ಎಂದು ಬರೆಯಲೇಬೇಕಾದರೆ ಅದರ ಹೆಸರಿಗೆ ಬರೆಯಬೇಕು, ಪಾಪ, ಅದಕ್ಕೆ ಬಾಯಿಲ್ಲ. ಅದು ಉಳಿಸಿಕೊಟ್ಟ ದನಿಯನ್ನು ನಾನು ಆಗಾಗ ಹಾಕಿಕೊಂಡು ಕೇಳುತ್ತೇನೆ, ಅದಕ್ಕೆ ನಾನು ಋಣಿ. ಆ ಚಾಮರಾಜಪೇಟೆಯ ತಾಯಿ ನನಗೆ ಋಣಿಯಾಗಿದ್ದಂತೆಯೇ. ಅವರೂ ನನ್ನ ದನಿಯನ್ನು ಮಗಳ ದನಿ ಎಂದುಕೊಳ್ಳಲಿಲ್ಲ.

ವಿಧವೆಯ ಕೈಗೆ ಬಳೆ ಇರಬೇಕೋ ಬೇಡವೋ ಎಂದು ನಮ್ಮ ಕಡೆಯ ಹಿರಿಯರಲ್ಲಿ ಸ್ವಲ್ಪ ಮಾತಾಯಿತು. ಅವರೆಲ್ಲ ಕೆಳಗೆ ಅದನ್ನು ಚರ್ಚಿಸುತ್ತಿದ್ದ ದಿನ ನಾನು ಮಹಡಿಗೆ ಹೋಗಿ ನೋಡಿದೆ. ತೆಂಗಿನ ಮರದ ಕಡೆಯ ಬಳೆಗಳು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದರೂ ತಂತಿಯನ್ನು ಬಿಗಿಯಾಗಿ ಹಿಡಿದೇ ಇದ್ದವು. ಅವನ್ನು ಮುಟ್ಟುವ ಯೋಚನೆ ಯಾರಿಗೂ ಬಂದಿರಲಿಲ್ಲ. ಕೋಣೆಯೊಳಗೆ ಬಂದು ಟ್ರಾನ್ಸ್‌ಮಿಟರಿನ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದೆ. ನನ್ನ ಲೈಸೆನ್ಸ್ ಚಾಲ್ತಿಯಲ್ಲಿತ್ತು. ಇವರ ಮಾತಿನ ನಡುವೆ ಒಂದೆರಡು ಮಾತು ಸೇರಿಸುವುದಕ್ಕಷ್ಟೇ ಬಳಸಿದ್ದೆ, ನಾನಾಗಿ ಯಾರನ್ನೂ ಕರೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಿಸಿಲು ಎದುರುಮನೆಯ ಕಾಂಪೌಂಡು ದಾಟಿ ನಮ್ಮ ಮೆಟ್ಟಿಲಿಗೆ ಬರುವವರೆಗೆ ಕಾದು, ಮೇಲೆ ಹೋಗಿ, ಇವರ ಕುರ್ಚಿಯಲ್ಲೇ ಕೂತು ಅನಂತುವನ್ನು ಕರೆದೆ. ಮೊದಲ ಸಲಕ್ಕೆ ಬರೀ ಸದ್ದು. ಎರಡನೆಯ ಸಲಕ್ಕೆ, ಆ ಸದ್ದನ್ನು ಸರಿಸಿಕೊಂಡು ಧಾರವಾಡ ಬಂತು. "ಅತ್ತಿಗೆ, ನಿಮಗೆ ಫೋರ್ ಫೈವ್. ಸ್ವಲ್ಪ ಸಣ್ಣಗಿದೆ ದನಿ. ನನ್ನ ಸ್ವಂತ ಕಿವೀಲಿ, ಮಷೀನು ಸೇರಿಸಿ. ಓವರ್."

ಅನಂತುವಿಗೆ ಫೈವ್ ಸಿಕ್ಸ್ ಕೊಟ್ಟೆ. ಇವರಾಗಿದ್ದರೂ ಅಷ್ಟೇ ಕೊಡುತ್ತಿದ್ದರು, ಒಂದು ಕೂದಲೆಳೆ ಹೆಚ್ಚಿಲ್ಲ. ನಲ್ಲಿ ಬಂತೇ ಎಂದು ಕೇಳಿದೆ, ಬಂತು ಎಂದರು. ಮಂಡಿ ಹೇಗಿದೆ ಎಂದರು, ಇದೆ ಎಂದೆ. ಇಬ್ಬರೂ ಬರೆದುಕೊಂಡೆವು.

ಕೆಳಗೆ ಬಂದು ಡಿಕಾಕ್ಷನ್ ಬಿಸಿ ಮಾಡಿ, ಹಾಲು ಬೆರೆಸಿ, ಲೋಟದಿಂದ ಬಟ್ಟಲಿಗೂ ಬಟ್ಟಲಿಂದ ಲೋಟಕ್ಕೂ ಒಮ್ಮೊಮ್ಮೆ ಸುರಿದುಕೊಂಡು, ಅಡುಗೆಮನೆಯ ಬಾಗಿಲಿಗೆ ಒರಗಿ ಕುಡಿದೆ. ಕಾಫಿ ಚೆನ್ನಾಗಿಯೇ ಇತ್ತು. ಎಷ್ಟು ಎಂದು ಹೇಳುವವರು ಇಲ್ಲ.